ಕೃಷ್ಣಯ್ಯ ಹೇರ್ಳೆಯವರ ಜಪಾನಿ ಪಟ್ಟು

ಸಾವಿರದ ಒಂಬೈನೂರ ನಲವತ್ತಮೂರರ ಸುಮಾರಿಗೆ ತೆಕ್ಕಟ್ಟೆಯಲ್ಲಿ ಯಾರಾದರೂ ಬಿದ್ದರೆ ಜನ ಮೊದಲು ಓಡುತ್ತಿದ್ದದ್ದು ನೋವಿಗೆ ತಿಕ್ಕುವ ಎಣ್ಣೆಗಲ್ಲ, ಕೃಷ್ಣಯ್ಯ ಹೇರ್ಳೆಯವರ ಹತ್ತಿರಕ್ಕೆ. ಬಿದ್ದವರು ನರಳಿಕೊಂಡು ಅಲ್ಲೇ ಬಿದ್ದಿರಬೇಕು. ಹೇರ್ಳೆಯವರು ಬಂದು, ಆರಡಿ ದೂರದಲ್ಲಿ ನಿಂತು, ಕೈ ಹಿಂದಕ್ಕೆ ಕಟ್ಟಿ, ಕುತ್ತಿಗೆ ಓರೆ ಮಾಡಿ ನೋಡಿ, ಮೊದಲು ಹೋದದ್ದು ಎಡಗಾಲೋ ಬಲಗಾಲೋ ಎಂದು ಕೇಳಿ, ಇದು ಇಂಥ ಪಟ್ಟಿನ ಬೀಳು ಎಂದು ಹೆಸರು ಹೇಳಬೇಕು. ಎಬ್ಬಿಸುವುದು ಆಮೇಲೆ. ಬಾವಿಕಟ್ಟೆಯ ಪಾಚಿಯಲ್ಲಿ ಜಾರಿದ ಉಮಾವತಮ್ಮ ಎಂಬ ಮುದುಕಿ ಮೂರು ತಿಂಗಳು ಹಾಸಿಗೆ ಹಿಡಿದರೂ, ತಾನು ಬಿದ್ದದ್ದು ಸುಮ್ಮನೆ ಬೀಳುವ ಬೀಳಲ್ಲ, ಹರಾಯ್ ಗೋಶಿ ಎಂಬ ಜಪಾನಿ ಪಟ್ಟು ಎಂದು ನೋಡಲು ಬಂದವರಿಗೆಲ್ಲ ಹೇಳಿ ಹೇಳಿ ಅರ್ಧ ಗುಣವಾದರು.

ಹೇರ್ಳೆಯವರು ಆ ಊರಿನ ದೇವಸ್ಥಾನದ ಅಡುಗೆಯವರು. ಮೂಲ ಸಾಲಿಗ್ರಾಮದ ಕಡೆ. ಐವತ್ತರ ಹತ್ತಿರದ ವಯಸ್ಸು, ಸಣಕಲು ಮೈ, ಹೊಗೆಗೆ ಕೆಂಪಾದ ಕಣ್ಣು. ತುಂಬಿದ ಕೊಡಪಾನ ಎತ್ತುವಾಗ ಎರಡು ಸಲ ದೇವರ ಹೆಸರು ಹೇಳಬೇಕಾದ ಈ ಮನುಷ್ಯ ಮನಸ್ಸು ಮಾಡಿದರೆ ಎಂಥ ಪೈಲ್ವಾನನನ್ನೂ ಎತ್ತಿ ಒಗೆಯಬಲ್ಲರು ಎಂದು ಊರು ನಂಬಿತ್ತು. ಊರನ್ನು ಬೈದು ಪ್ರಯೋಜನವಿಲ್ಲ. ಯುದ್ಧದ ಕಾಲ; ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಏರಿನಲ್ಲಿ ನಿಂತರೆ ಚೀಟಿ ತೆಗೆದುಕೊಂಡು ಕೂತವರೇ ಇಳಿದು ತಳ್ಳಬೇಕು. ಅಂಥ ಹೊತ್ತಿನಲ್ಲಿ ಜಪಾನಿ ವಿದ್ಯೆ ಬಲ್ಲವನೊಬ್ಬ ನಮ್ಮ ಊರಲ್ಲೇ ಇದ್ದಾನೆ ಎಂದರೆ ಯಾರು ತಾನೇ ಬೇಡ ಎನ್ನುತ್ತಾರೆ?

ಈ ನಂಬಿಕೆಯ ಬೇರು ಇದ್ದದ್ದು ಬೊಂಬಾಯಿಯಲ್ಲಿ. ಹೇರ್ಳೆಯವರು ಒಂಬತ್ತು ವರ್ಷ ಅಲ್ಲಿನ ಒಂದು ಹೋಟೆಲಿನಲ್ಲಿ ಅಡುಗೆಗಿದ್ದರು. ಅಡುಗೆಕೋಣೆ ನೆಲಕ್ಕಿಂತ ಕೆಳಗೆ. ಅದಕ್ಕಿದ್ದ ಒಂದೇ ಒಂದು ಗಿಡ್ಡ ಕಿಟಕಿ ಹಿಂದಿನ ಕಟ್ಟಡದ ಅಂಗಳಕ್ಕೆ ತೆರೆಯುತ್ತಿತ್ತು. ಆ ಕಟ್ಟಡದಲ್ಲಿ ಹತ್ತಿ ವ್ಯಾಪಾರದ ಒಂದು ಜಪಾನಿ ಕಂಪೆನಿಯ ಗುಮಾಸ್ತರಿದ್ದರು. ದಿನಾ ಸಂಜೆ ಐದು ಗಂಟೆಗೆ ಅವರು ಅಂಗಳದಲ್ಲಿ ಚಾಪೆ ಹಾಸಿ, ದಪ್ಪ ಬಿಳಿ ಅಂಗಿ ತೊಟ್ಟು, ಒಬ್ಬರನ್ನೊಬ್ಬರು ಹಿಡಿದು ಕೆಡವುತ್ತಿದ್ದರು. ಜೂಡೋ ಎಂದು ಅದರ ಹೆಸರು. ಹೇರ್ಳೆಯವರು ಕೆಳಗೆ ಕೂತು ಬಟಾಟೆ ಸಿಪ್ಪೆ ತೆಗೆಯುತ್ತ, ಚಟ್ನಿ ಅರೆಯುತ್ತ ಅದನ್ನು ನೋಡುತ್ತಿದ್ದರು. ಕಿಟಕಿ ಗಿಡ್ಡವಾದ್ದರಿಂದ ಅವರಿಗೆ ನಿಂತವರು ಕಾಣುತ್ತಿದ್ದದ್ದು ಸೊಂಟದಿಂದ ಕೆಳಗೆ ಮಾತ್ರ. ಒಂಬತ್ತು ವರ್ಷ ಅವರು ಜಪಾನಿಯರನ್ನು ನೋಡಿದರು, ನಿಂತವರ ಮುಖ ಮಾತ್ರ ನೋಡಲಿಲ್ಲ.

ಹಾಗಲ್ಲ, ಒಂದು ಮುಖವನ್ನು ಹತ್ತಿರದಿಂದಲೇ ನೋಡಿದ್ದರು. ಮೋರಿ ಎಂಬ ಗುಮಾಸ್ತನೊಬ್ಬ ಹೇರ್ಳೆಯವರ ಗೋಳಿಬಜೆಗೆ ಸೋತು ಕಿಟಕಿಯ ಹತ್ತಿರ ಕುಕ್ಕರುಗಾಲಲ್ಲಿ ಬಂದು ಕೂರುತ್ತಿದ್ದ. ಅವನ ಹಿಂದೂಸ್ತಾನಿ ಹರುಕು, ಹೇರ್ಳೆಯವರದು ಅದಕ್ಕಿಂತ ಹರುಕು, ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ನೋಡಲು ಒಂದೇ ತರಹ ಇರುವ ಪಟ್ಟುಗಳನ್ನು ಬೇರೆ ಮಾಡಿ ಗುರುತಿಸುವುದನ್ನು ಕಲಿಸಿದವನು ಅವನೇ. ಮೂರು ಪಟ್ಟುಗಳಿವೆ. ಮೂರರಲ್ಲೂ ಎಸೆಯುವವ ಬೆನ್ನು ತಿರುಗಿಸಿ ಒಂಟಿಕಾಲಲ್ಲಿ ನಿಲ್ಲುತ್ತಾನೆ, ಇನ್ನೊಂದು ಕಾಲನ್ನು ಹಿಂದಕ್ಕೆ ಬೀಸುತ್ತಾನೆ. ಆ ಕಾಲು ಎದುರಾಳಿಯ ತೊಡೆಯನ್ನು ಹೊರಗಿನಿಂದ ನೇರವಾಗಿ ಒರೆಸಿಕೊಂಡು ಹೋದರೆ ಹರಾಯ್ ಗೋಶಿ. ಮೊಣಕಾಲು ಮಡಚಿ ಚಿಮ್ಮಿಸಿದರೆ ಹಾನೆ ಗೋಶಿ. ಎರಡು ಕಾಲುಗಳ ನಡುವೆ ಹೊಕ್ಕು ಮೇಲಕ್ಕೆತ್ತಿದರೆ ಉಚಿಮಾತ. ಮೇಲಿನಿಂದ ನೋಡುವವನಿಗೆ ಅಂಗಿಗಳ ಗೊಂದಲದಲ್ಲಿ ಇದೊಂದೂ ತಿಳಿಯುವುದಿಲ್ಲ, ಕೆಳಗಿನಿಂದ ನೋಡುವ ಅಡುಗೆಯವನಿಗೆ ಬೆಳಕಿನಷ್ಟು ಸ್ಪಷ್ಟ.

ಹೇರ್ಳೆಯವರಿಗೆ ಜೀವವಾಗಿದ್ದದ್ದು ಬೇರೆ ಎರಡು ಪಟ್ಟು. ಎರಡೂ ಪಾದದ್ದೇ ಕೆಲಸ. ನಡೆದು ಬರುವವನ ಪಾದ ಇನ್ನೇನು ನೆಲ ಮುಟ್ಟಿ ಭಾರ ಹೊರಬೇಕು ಅನ್ನುವಷ್ಟರಲ್ಲಿ ಅದನ್ನು ಅಂಗಾಲಿನಿಂದ ಪಕ್ಕಕ್ಕೆ ಗುಡಿಸಿಬಿಡುವುದು ದೆ ಆಶಿ ಬರಾಯಿ. ಭಾರ ಬಿದ್ದಾದ ಮೇಲೆ ಗುಡಿಸಲು ಹೋದರೆ ಗುಡಿಸಿದವನ ಕಾಲೇ ನೋಯುತ್ತದೆ; ಆಗ ಗುಡಿಸಬಾರದು, ಪಾದವನ್ನು ಅಲ್ಲೇ ತಡೆದು ಮೈಯನ್ನು ಅದರ ಮೇಲಿಂದ ಉರುಳಿಸಬೇಕು, ಅದು ಸಸಾಯೆ. ಒಂದಕ್ಕೆ ಹೇರ್ಳೆಯವರು ಗುಡಿಸುವ ಪಟ್ಟು ಎಂದು ಹೆಸರಿಟ್ಟರು, ಇನ್ನೊಂದಕ್ಕೆ ತಡೆಯುವ ಪಟ್ಟು. ಇಷ್ಟೆಲ್ಲ ಕಲಿತದ್ದು ಕಣ್ಣು. ಕೈ ಕಲಿತದ್ದು ಚಟ್ನಿ ಮಾತ್ರ. ಆ ಚಾಪೆಯ ಮೇಲೆ ಹೇರ್ಳೆಯವರು ಒಂದು ದಿನವೂ ಕಾಲಿಟ್ಟವರಲ್ಲ.

ಜಪಾನು ಯುದ್ಧಕ್ಕಿಳಿದ ವಾರದಲ್ಲೇ ಪೊಲೀಸರು ಬಂದು ಆ ಗುಮಾಸ್ತರನ್ನೆಲ್ಲ ಕರೆದುಕೊಂಡು ಹೋದರು. ಖಾಲಿ ಅಂಗಳ ನೋಡಿಕೊಂಡು ನಾಲ್ಕು ತಿಂಗಳು ಚಟ್ನಿ ಅರೆದ ಹೇರ್ಳೆಯವರು ಬಾಂಬಿನ ಸುದ್ದಿಗೆ ಬೊಂಬಾಯಿ ಬಿಟ್ಟವರ ಜೊತೆ ತಾವೂ ಊರಿಗೆ ಬಂದರು. ಬಂದವರು ಕೇಳಿದವರಿಗೆ ಹೇಳಿದ್ದು ಇಷ್ಟೇ: ಒಂಬತ್ತು ವರ್ಷ ಜಪಾನಿಯರ ಪಟ್ಟುಗಳ ಜೊತೆಗೇ ಇದ್ದೆ. ಇದು ಸುಳ್ಳಲ್ಲ. ಉಳಿದದ್ದನ್ನು ಊರೇ ಸೇರಿಸಿಕೊಂಡಿತು, ಹೇರ್ಳೆಯವರು ತಿದ್ದಲಿಲ್ಲ. ಹುಟ್ಟಿದಾಗಿನಿಂದ ಯಾರೂ ಎರಡನೇ ಸಲ ತಿರುಗಿ ನೋಡದ ಮನುಷ್ಯನಿಗೆ ದಾರಿಯಲ್ಲಿ ಜನ ಎದ್ದು ನಿಲ್ಲತೊಡಗಿದರೆ ತಿದ್ದುವ ಮನಸ್ಸು ಹೇಗೆ ಬರಬೇಕು? ಅವರಿಗೆ ಅದು ಬಹಳ ಹಿತವಾಗಿತ್ತು.

ಯಾರಾದರೂ ಪರೀಕ್ಷೆ ಮಾಡಲು ಬಂದರೆ? ಅದಕ್ಕೆ ಮಡಿ ಇತ್ತು. ದೇವರ ಅಡುಗೆ ಮಾಡುವವರು ಬೆಳಿಗ್ಗೆ ಮಿಂದು ಒದ್ದೆ ಪಂಚೆ ಉಟ್ಟರೆ ಮಧ್ಯಾಹ್ನದ ಪೂಜೆ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ಬೈಂದೂರಿನ ಕಡೆಯ ಗಣಪ ಎಂಬ ಪೈಲ್ವಾನ ಒಮ್ಮೆ ಮೀಸೆ ತಿರುವಿಕೊಂಡು ಪಂಥಕ್ಕೆ ಬಂದಿದ್ದ. ಹೇರ್ಳೆಯವರು ನೀರು ತೊಟ್ಟಿಕ್ಕುವ ಪಂಚೆಯಲ್ಲಿ ಹೊರಗೆ ಬಂದು, ಮಡಿಯಲ್ಲಿದ್ದೇನೆ, ದೂರ ನಿಂತು ಏನು ಮಾಡುತ್ತೀಯೋ ಮಾಡು ಎಂದರು. ಪೈಲ್ವಾನ ಅವರ ಸುತ್ತ ಮೂರು ಸುತ್ತು ಬಂದು, ಅದನ್ನು ಪ್ರದಕ್ಷಿಣೆ ಎಂದೇ ತಿಳಿದ ಜನರ ಎದುರು ಏನು ಮಾಡುವುದೆಂದು ತೋಚದೆ, ಕೈಮುಗಿದು ಹೊರಟುಹೋದ.

ಹೀಗೆ ಹಬ್ಬಿದ ಹೆಸರಿಗೆ ಒಬ್ಬ ಶಿಷ್ಯನೂ ಸಿಕ್ಕಿದ. ದೇವಸ್ಥಾನಕ್ಕೆ ತೆಂಗಿನಕಾಯಿ, ಸೌದೆ ತಂದು ಹಾಕುವ ದುಗ್ಗಪ್ಪ. ಮೂವತ್ತೈದರ ಗಟ್ಟಿ ಆಳು, ಕೋಣ ಕಟ್ಟಿ ಬೇಸಾಯ ಮಾಡುವವನು, ಹೇರ್ಳೆಯವರೆಂದರೆ ದೇವರ ನಂತರದ ಜಾಗ ಕೊಟ್ಟವನು. ಪಾಠ ನಡೆಯುತ್ತಿದ್ದದ್ದು ದೇವಸ್ಥಾನದ ಹಿಂದಿನ ಅಂಗಳದಲ್ಲಿ, ಮುಟ್ಟದೆ. ಹೇರ್ಳೆಯವರು ಆರಡಿ ದೂರದಿಂದ ಉದ್ದ ಹಿಡಿಯ ಸೌಟು ಚಾಚಿ, ಆ ಕಾಲು ಇಲ್ಲಿ, ಈ ಕಾಲು ಅಲ್ಲಿ ಎಂದು ತೋರಿಸುವುದು. ದುಗ್ಗಪ್ಪ ಬಾಳೆದಿಂಡೊಂದನ್ನು ತಬ್ಬಿಕೊಂಡು ತಿರುಗುವುದು. ವರ್ಷದೊಳಗೆ ದುಗ್ಗಪ್ಪ ಹನ್ನೊಂದು ಬಾಳೆದಿಂಡುಗಳನ್ನು ಸೋಲಿಸಿದ. ಮನುಷ್ಯರ ಮೇಲೆ ಪ್ರಯೋಗಕ್ಕೆ ಸಂದರ್ಭ ಬಂದಿರಲಿಲ್ಲ.

ಸಂದರ್ಭ ಬಂದದ್ದು ಡಿಸೆಂಬರಿನ ಒಂದು ಬುಧವಾರ ಬೆಳಿಗ್ಗೆ. ಹಿಂದಿನ ದಿನ ದುಗ್ಗಪ್ಪನ ಕೋಣ ಹಗ್ಗ ಹರಿದುಕೊಂಡು ಹೋಗಿ, ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಉಮಾನಾಥನ ಮನೆಯ ಬಸಳೆ ಚಪ್ಪರವನ್ನು ಬುಡಸಮೇತ ಮೇಯ್ದಿತ್ತು. ಉಮಾನಾಥ ಒಳ್ಳೆಯವನೇ, ಆದರೆ ಬಸಳೆ ವಿಷಯದಲ್ಲಿ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ದುಗ್ಗಪ್ಪ ದೇವಸ್ಥಾನದ ಹಿಂದಿನ ಅಂಗಳಕ್ಕೆ ತೆಂಗಿನಕಾಯಿಯ ಹೆಡಿಗೆ ಹೊತ್ತು ಬಂದು ನಿಲ್ಲುವುದಕ್ಕೂ, ಉಮಾನಾಥ ಬೈಯುತ್ತ ದಾಪುಗಾಲು ಹಾಕಿ ಅವನ ಮೇಲೆ ನುಗ್ಗುವುದಕ್ಕೂ ಸರಿಹೋಯಿತು.

ದೇವಸ್ಥಾನದ ಅಡುಗೆಕೋಣೆಯೂ ಅಂಗಳಕ್ಕಿಂತ ನಾಲ್ಕು ಮೆಟ್ಟಿಲು ಕೆಳಗೆ. ಹೇರ್ಳೆಯವರ ಹಣೆಯಲ್ಲಿ ಬರೆದದ್ದೇ ಗಿಡ್ಡ ಕಿಟಕಿ. ನೈವೇದ್ಯದ ಅನ್ನ ಬಸಿದ ಗಂಜಿತೆಳಿಯನ್ನು ಅವರು ದಿನಾ ಆ ಕಿಟಕಿಯಿಂದಲೇ ಹೊರಗೆ, ದನಗಳಿಗೆಂದು ಇಟ್ಟ ಕಲ್ಲಿನ ಮರಿಗೆಗೆ ಹೊಯ್ಯುವುದು. ಆ ಹೊತ್ತಿಗೂ ಅದನ್ನೇ ಮಾಡುತ್ತಿದ್ದರು. ಬೈಗುಳ ಕೇಳಿ ತಲೆ ಎತ್ತಿದರು. ಕಿಟಕಿಯಲ್ಲಿ ನಾಲ್ಕು ಕಾಲು ಕಂಡವು. ಉಮಾನಾಥನ ಬಲಗಾಲು ಮುಂದಕ್ಕೆ ಬಂತು, ದುಗ್ಗಪ್ಪನ ಪಾದ ಅಲ್ಲೇ ಪಕ್ಕದಲ್ಲಿತ್ತು, ಭಾರ ಇನ್ನೂ ಬಿದ್ದಿರಲಿಲ್ಲ. ಮರುಕ್ಷಣ ಉಮಾನಾಥನ ಎರಡೂ ಕಾಲು ಕಿಟಕಿಯಿಂದ ಮಾಯವಾಗಿ ಅವನ ಸೊಂಟ, ಬೆನ್ನು, ಕೊನೆಗೆ ಆಶ್ಚರ್ಯದಿಂದ ಬಾಯಿ ತೆರೆದ ಮುಖ ಒಂದೊಂದಾಗಿ ಅದೇ ಜಾಗದಲ್ಲಿ ಕಾಣಿಸಿಕೊಂಡವು.

ಹೇರ್ಳೆಯವರಿಗೆ ಮೈ ಮರೆತುಹೋಯಿತು. ಎರಡು ವರ್ಷದ ನಂತರ ಕಂಡ ದೆ ಆಶಿ ಬರಾಯಿ, ಅದೂ ತನ್ನ ಶಿಷ್ಯನದು. ಅವರು ತೆಳಿಯ ಪಾತ್ರೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದು, ಗದ್ದಲಕ್ಕೆ ಸೇರಿದ ಹತ್ತಾರು ಜನರ ಎದುರು, ಇದು ಅಪ್ಪಟ ಗುಡಿಸುವ ಪಟ್ಟು, ಬೊಂಬಾಯಿಯಲ್ಲಿ ಕೂಡ ಇಷ್ಟು ಸ್ವಚ್ಛವಾದದ್ದನ್ನು ಕಂಡಿರಲಿಲ್ಲ ಎಂದು ಸಾರಿದರು. ಆಮೇಲೆ ಎರಡು ದಿನ ಕೇಳಿದವರಿಗೂ ಕೇಳದವರಿಗೂ ಅದನ್ನೇ ವಿವರಿಸಿದರು.

ಕುತೂಹಲದ ಸಂಗತಿಯೆಂದರೆ ಯಾರೂ ಅಲ್ಲ ಎನ್ನಲಿಲ್ಲ. ದುಗ್ಗಪ್ಪನಿಗೆ ತಾನು ಕಾಲು ಎತ್ತಿದ ನೆನಪೇ ಇರಲಿಲ್ಲ. ಆದರೆ ಗುರುಗಳೇ ಹೇಳಿದ ಮೇಲೆ ಎತ್ತಿರಬೇಕು, ಕಲಿತ ಕಾಲು ಹೇಳದೆ ಕೇಳದೆ ತಾನೇ ಕೆಲಸ ಮಾಡಿರಬೇಕು ಎಂದುಕೊಂಡು ಎದೆ ಸೆಟೆಸಿ ನಡೆದ. ಉಮಾನಾಥ ಬೀಳುವಾಗ ಕೈ ಊರಿ ಮಣಿಕಟ್ಟು ಉಳುಕಿಸಿಕೊಂಡಿದ್ದ. ಸೊಪ್ಪು ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು ಅಂಗಡಿಯಲ್ಲಿ ಕೂತು, ಜಪಾನಿ ಪಟ್ಟಿಗೆ ಬಿದ್ದವನು ನಾನಾದ್ದರಿಂದ ಇಷ್ಟರಲ್ಲೇ ಮುಗಿಯಿತು, ಬೇರೆ ಯಾರಾದರೂ ಆಗಿದ್ದರೆ ಜೀವವೇ ಹೋಗುತ್ತಿತ್ತು ಎಂದು ಅವನೂ ಗತ್ತಿನಿಂದಲೇ ಹೇಳಿಕೊಂಡ.

ಗತ್ತು ತಲೆಗೇರಿದರೆ ಸುಮ್ಮನೆ ಕೂರಲು ಬಿಡುವುದಿಲ್ಲ. ಗುರುವಾರ ಸಂಜೆ ಉಮಾನಾಥ ಪಟೇಲರಿಗೆ ದೂರು ಬರೆಸಿಕೊಟ್ಟ. ಬರೆದವನು ಯಾರೋ ಹುರುಪಿನವನು, ಜಪಾನು ಎಂಬ ಶಬ್ದವನ್ನು ಏಳು ಸಲ ಹಾಕಿದ್ದ. ಪಟೇಲರು ವಯಸ್ಸಾದವರು, ಬಸಳೆಯ ಜಗಳವಾಗಿದ್ದರೆ ಎರಡೂ ಕಡೆಯವರನ್ನು ಬೈದು ಕಳಿಸುತ್ತಿದ್ದರು. ಈಗ ಹಾಗೆ ಕಳಿಸುವಂತಿರಲಿಲ್ಲ. ಶತ್ರುದೇಶದ ವಿದ್ಯೆ ಕಲಿತು ಹೊಡೆದ ಎಂಬ ಕಾಗದವನ್ನು ಅಡಗಿಸಿಟ್ಟರೆ ತಮ್ಮ ಪಟೇಲಿಕೆಯೇ ಹೋದೀತು. ಶನಿವಾರ ಬೆಳಿಗ್ಗೆ ಸ್ಥಳ ನೋಡುತ್ತೇನೆ, ಪಟ್ಟು ಹಾಕಿದ್ದು ಹೌದಾದರೆ ದುಗ್ಗಪ್ಪನನ್ನು ಅದೇ ದಿನ ಕುಂದಾಪುರದ ಠಾಣೆಗೆ ಕಳಿಸದೆ ಉಪಾಯವಿಲ್ಲ ಎಂದು ಹೇಳಿ ಕಳಿಸಿದರು. ಯುದ್ಧಕಾಲದ ಕಾನೂನು, ಒಳಗೆ ಹೋದವನು ಯಾವಾಗ ಹೊರಗೆ ಬರುತ್ತಾನೆಂದು ಹೇಳುವವರಿಲ್ಲ.

ಶುಕ್ರವಾರ ಬೆಳಿಗ್ಗೆ ಹೇರ್ಳೆಯವರು ಒಲೆಯ ಮುಂದೆ ಕೂತಿದ್ದಾಗ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ದುಗ್ಗಪ್ಪನ ಹೆಂಡತಿ ಕುಸುಮ, ಮೋರಿ ಕೂರುತ್ತಿದ್ದ ಹಾಗೆಯೇ ಕುಕ್ಕರುಗಾಲಲ್ಲಿ ಕೂತಿದ್ದಳು. ಅತ್ತು ಅತ್ತು ಕಣ್ಣು ಬಾತಿತ್ತು, ಆದರೆ ಮಾತು ಗಟ್ಟಿ ಇತ್ತು.

"ಅಯ್ಯ, ನೀವ್ ಹೇಳಿದ್ ಮಾತಿಗೆ ಇವ್ರನ್ನ ಹಿಡ್ಕಂಡ್ ಹೋತ್ರಂಬ್ರ್. ಇವ್ರ ಕಾಲಂಗೆ ಅಷ್ಟ್ ವಿದ್ಯೆ ಎಲ್ಲಿತ್ತ್? ಮನಿ ಹೊಸ್ತಿಲ್ ದಾಂಟುಕೇ ದಿನಾ ಎಡ್ವುದ್. ಅದ್ರ ಮೇಲೆ ತಲಿ ಮೇಲೆ ಕಾಯಿ ಹೆಡ್ಗಿ ಇತ್ತ್. ಹೆಡ್ಗಿ ಹೊತ್ಕಂಡ್ ಕಾಲ್ ಎತ್ತಿರೆ ಒಂದ್ ಕಾಯಿ ಆದ್ರೂ ಬೀಳುದ್ ಬ್ಯಾಡ್ದಾ?"

ಹೇರ್ಳೆಯವರ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ತಲೆಯ ಮೇಲಿನ ಹೆಡಿಗೆಯನ್ನು ಅವರು ನೋಡಿಯೇ ಇರಲಿಲ್ಲ. ಹೇಗೆ ನೋಡಿಯಾರು, ಕಿಟಕಿ ಸೊಂಟಕ್ಕೇ ಮುಗಿಯುತ್ತದಲ್ಲ. ಮೆಟ್ಟಿಲು ಹತ್ತಿ ಬಂದಾಗಲೂ ಅವರ ಕಣ್ಣಿದ್ದದ್ದು ಬಿದ್ದವನ ಮೇಲೆ, ನಿಂತವನ ಮೇಲಲ್ಲ. ಈಗ ಕಣ್ಣು ಮುಚ್ಚಿ ಆ ನಾಲ್ಕು ಕಾಲುಗಳನ್ನು ಮತ್ತೆ ತಂದುಕೊಂಡರು. ದುಗ್ಗಪ್ಪನ ಹಿಮ್ಮಡಿಗಳೆರಡೂ ನೆಲಕ್ಕೆ ಅಂಟಿದ್ದವು, ಬೆರಳುಗಳು ನೆಲವನ್ನು ಕಚ್ಚಿ ಹಿಡಿದಿದ್ದವು. ಅದು ಭಾರ ಹೊತ್ತು ನಿಂತವನ ಕಾಲು. ಗುಡಿಸುವವನ ಕಾಲಲ್ಲ.

ಪೂಜೆ ಮುಗಿಯುವುದನ್ನೇ ಕಾದು ಅಂಗಳಕ್ಕೆ ಬಂದರು. ಮರಿಗೆಯಿಂದ ಒಂದು ಗೇಣು ಆಚೆ, ಬುಧವಾರ ಬೈಗುಳ ಕೇಳಿ ತಲೆ ಎತ್ತಿದಾಗ ಗುರಿ ತಪ್ಪಿ ಹೊಯ್ದ ಗಂಜಿತೆಳಿ ನೆಲದ ಮೇಲೆ ಬಿಳಿಯಾಗಿ ಒಣಗಿತ್ತು. ಅದರ ನಡುವೆ ಒಂದು ಹಿಮ್ಮಡಿಯ ಗೀರು, ಎರಡಡಿ ಉದ್ದ, ದಾರ ಹಿಡಿದು ಎಳೆದಷ್ಟು ನೇರ. ಗುಡಿಸಿದ ಕಾಲು ಪಕ್ಕಕ್ಕೆ ಹೋಗುತ್ತದೆ. ಜಾರಿದ ಕಾಲು ಮಾತ್ರ ಹೀಗೆ ನೇರ ಮುಂದಕ್ಕೆ ಹೋಗುತ್ತದೆ. ಬೀಳು ಎರಡರಲ್ಲೂ ಒಂದೇ, ಗೀರು ಬೇರೆ. ಹೇರ್ಳೆಯವರು ಅಲ್ಲೇ ಕೂತುಬಿಟ್ಟರು. ಉಮಾನಾಥನನ್ನು ಕೆಡವಿದ್ದು ದುಗ್ಗಪ್ಪನಲ್ಲ, ತಮ್ಮ ತೆಳಿ. ಅದನ್ನು ಪಟ್ಟು ಎಂದು ಊರಿಗೆಲ್ಲ ಸಾರಿದ್ದು ತಮ್ಮ ನಾಲಿಗೆ. ಒಂದು ಅಡಿಕೆ ಹಾಳೆಯನ್ನು ಗೀರಿನ ಮೇಲೆ ಮುಚ್ಚಿ, ನಾಲ್ಕು ಮೂಲೆಗೆ ಕಲ್ಲು ಹೇರಿ ಮನೆಗೆ ಹೋದರು.

ಊಟಕ್ಕೆ ಕೂತರೆ ಅನ್ನ ಇಳಿಯಲಿಲ್ಲ. ಹೆಂಡತಿ ಪದ್ಮಾಕ್ಷಮ್ಮನ ಹತ್ತಿರ ಎಲ್ಲ ಹೇಳಿದರು. ಗೀರು ತೋರಿಸಿದರೆ ಸಾಕಾಗದೇ ಎಂದು ತಾವೇ ಕೇಳಿ, ಸಾಕಾಗದು ಎಂದು ತಾವೇ ಉತ್ತರಿಸಿದರು. ಒಂಬತ್ತು ವರ್ಷ ಪಳಗಿದ ಉಸ್ತಾದ ಬುಧವಾರ ಹೌದು ಎಂದು ಶನಿವಾರ ಅಲ್ಲ ಎಂದರೆ ಶಿಷ್ಯನನ್ನು ಉಳಿಸಲು ಹೇಳುತ್ತಿದ್ದಾನೆ ಎನ್ನುತ್ತಾರೆ. ತಾನು ಉಸ್ತಾದನೇ ಅಲ್ಲ, ಯಾರಿಗೂ ಏನೂ ಕಲಿಸಲು ಬಾರದವನು ಎಂದು ಮೊದಲು ಹೇಳಬೇಕು. ಹೇಳಿದರೆ ತನ್ನ ಹೆಸರು ಹೋಗುತ್ತದೆ, ಹೇಳದಿದ್ದರೆ ದುಗ್ಗಪ್ಪ ಹೋಗುತ್ತಾನೆ. ಇಷ್ಟು ಹೇಳಿ, ಈ ನಿಜವನ್ನು ಇಷ್ಟು ದಿನ ನಿನಗೂ ಹೇಳಿರಲಿಲ್ಲ ಎಂದು ತಲೆ ತಗ್ಗಿಸಿದರು.

ಪದ್ಮಾಕ್ಷಮ್ಮ ಮಜ್ಜಿಗೆ ಬಡಿಸುತ್ತ ಹೇಳಿದರು: "ಹ್ವಾಯ್, ಬೊಂಬಾಯಿಂದ ನಾಕ್ ಸಲ ಬಂದ್ರಿ. ಒಂದ್ ಸಲ ಆದ್ರೂ ಮೈಯಂಗೆ ಒಂದ್ ಗೀರಿತ್ತಾ, ಬಾವಿತ್ತಾ? ನಂಗೆ ಆಗ್ಳೇ ಗೊತ್ತಿತ್ತ್. ಊಟ ಮಾಡಿ ಕಾಂಬ, ನಾಳೆ ಹೇಳುಕೆ ತ್ರಾಣ ಬೇಕ್."

ಹೇರ್ಳೆಯವರಿಗೆ ಇಪ್ಪತ್ತು ತಿಂಗಳಿಂದ ಹೆಂಡತಿಯ ಎದುರು ಎದೆಯುಬ್ಬಿಸಿ ಓಡಾಡಿದ್ದೆಲ್ಲ ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು, ಜೊತೆಗೆ ಹಸಿವೂ ಆಯಿತು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ದೇವಸ್ಥಾನದ ಹಿಂದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಟೇಲರಿಗೆ ಒಂದು ಬೆಂಚು. ಒಂದು ಪಕ್ಕ ಕೈಗೆ ಸೊಪ್ಪು ಕಟ್ಟಿದ ಉಮಾನಾಥ, ಇನ್ನೊಂದು ಪಕ್ಕ ಬುಧವಾರದ ಹೆಡಿಗೆ ಹೊತ್ತ ದುಗ್ಗಪ್ಪ. ಹೆಡಿಗೆ ಹೊತ್ತೇ ಬರಬೇಕೆಂದು ಹೇರ್ಳೆಯವರೇ ಹೇಳಿ ಕಳಿಸಿದ್ದರು. ಹೇರ್ಳೆಯವರು ಮಡಿಯಲ್ಲೇ ಬಂದು, ಎಲ್ಲರಿಂದ ಆರಡಿ ದೂರ ನಿಂತರು. ಒಲೆಯ ಮೇಲೆ ನೈವೇದ್ಯದ ಅನ್ನ ಆಗಷ್ಟೇ ಬಸಿದಾಗಿತ್ತು.

ಪಟೇಲರು ದೂರು ಓದಿಸಿ, ಪಟ್ಟು ಹೌದೋ ಅಲ್ಲವೋ ಎಂದು ಕೇಳಿದರು. ಹೇರ್ಳೆಯವರು ಅಲ್ಲ, ಜಾರಿದ್ದು ಎಂದರು. ಹಾಳೆ ಎತ್ತಿ ಗೀರು ತೋರಿಸಿದರು. ಜನರಲ್ಲಿ ಗುಜುಗುಜು ಎದ್ದಿತು. ಉಮಾನಾಥನ ಮುಖ ಕಪ್ಪಿಟ್ಟಿತು. ಜಪಾನಿ ಪಟ್ಟಿಗೆ ಬಿದ್ದವನಾಗಿ ಮೂರು ದಿನ ಬಾಳಿದ ಮೇಲೆ ದನದ ತೆಳಿಯಲ್ಲಿ ಜಾರಿದವನಾಗಲು ಯಾರಿಗೆ ಮನಸ್ಸು ಬಂದೀತು? ಅಷ್ಟು ದೊಡ್ಡ ವಿದ್ಯಾವಂತರು ಹತ್ತು ಜನರ ಎದುರು ಹೇಳಿದ ಮಾತನ್ನು ಶಿಷ್ಯನಿಗಾಗಿ ನುಂಗುತ್ತಿದ್ದಾರೆ ಎಂದು ಅವನು ವಾದಿಸಿದ. ಜನ ತಲೆಯಾಡಿಸಿದರು. ಪಟೇಲರೂ ತಲೆಯಾಡಿಸಿದರು. ದುಗ್ಗಪ್ಪನಂತೂ ಗುರುಗಳಿಗೆ ಅವಮಾನವಾಯಿತಲ್ಲ ಎಂದು, ನಾನು ಗುಡಿಸಿದ್ದು ಹೌದೆಂದೇ ಬರೆದುಕೊಳ್ಳಿ ಎನ್ನಲು ಬಾಯಿ ತೆರೆದ.

ಹೇರ್ಳೆಯವರು ಸೌಟು ಎತ್ತಿ ಅವನ ಬಾಯಿ ಮುಚ್ಚಿಸಿದರು.

"ಪಟೇಲ್ರೆ, ನಾನ್ ಈ ಜನ್ಮದಂಗೆ ಒಬ್ರನ್ನೂ ಕೆಡಗಲಿಲ್ಲೆ. ಆ ಚಾಪಿ ಮೇಲೆ ಒಂದ್ ದಿನವೂ ಕಾಲ್ ಇಡ್ಲಿಲ್ಲೆ. ಅಡ್ಗಿ ಕ್ವಾಣಿ ಕಿಟ್ಕಿಯಂಗೆ ಕಂಡದ್ದ್, ಅದೂ ಸ್ವಾಂಟದಿಂದ ಕೆಳ್ಗೆ. ನಂಗೆ ಬಪ್ಪುದ್ ಗುರ್ತ್ ಹಿಡುದ್ ಒಂದೇ. ಅದ್ರಂಗೂ ಈ ಸಲ ತಪ್ಪಿದೆ."

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನಗು ಒಬ್ಬರಿಂದೊಬ್ಬರಿಗೆ ಹತ್ತಿ ಬೆಂಚಿನವರೆಗೂ ಬಂತು. ಗಣಪ ಪೈಲ್ವಾನನ ಪ್ರದಕ್ಷಿಣೆಯನ್ನು ನೆನೆದು ನಕ್ಕವರೇ ಹೆಚ್ಚು. ಉಮಾವತಮ್ಮ ಒಬ್ಬರು ಮಾತ್ರ ನಗಲಿಲ್ಲ; ಹಾಗಾದರೆ ತನ್ನ ಹರಾಯ್ ಗೋಶಿಯ ಗತಿಯೇನು ಎಂದು ಪಕ್ಕದವರನ್ನು ಕೇಳುತ್ತಿದ್ದರು. ಹೇರ್ಳೆಯವರು ನೆಲ ನೋಡುತ್ತ ನಿಂತರು. ಇಷ್ಟು ನೋಯುತ್ತದೆಂದು ಅವರು ಎಣಿಸಿರಲಿಲ್ಲ.

ನಗು ಇಳಿದ ಮೇಲೆ ಅವರು ದುಗ್ಗಪ್ಪನಿಗೆ, ಹೆಡಿಗೆ ಹಾಗೇ ಇರಲಿ, ಬಲಗಾಲಿನಿಂದ ಒಮ್ಮೆ ಗುಡಿಸು ಎಂದರು. ದುಗ್ಗಪ್ಪ ಗುಡಿಸಿದ. ಏಳು ಕಾಯಿ ಉರುಳಿದವು, ಒಂದು ಪಟೇಲರ ಬೆಂಚಿನ ಕೆಳಗೆ ಹೋಯಿತು. ಬುಧವಾರ ಎಷ್ಟು ಕಾಯಿ ಬಿದ್ದವೆಂದು ಹೇರ್ಳೆಯವರು ಜನರನ್ನು ಕೇಳಿದರು. ಒಂದೂ ಇಲ್ಲ ಎಂದು ನೋಡಿದವರು ಒಪ್ಪಿದರು. ಅಷ್ಟಾದರೂ ಉಮಾನಾಥ ಬಗ್ಗಲಿಲ್ಲ. ಒಂದು ಹಿಡಿ ಗಂಜಿತೆಳಿಗೆ ಆಳೆತ್ತರದ ಗಂಡಸು ಹಾಗೆ ಹಾರಿ ಬೀಳಲು ಸಾಧ್ಯವೇ ಇಲ್ಲ, ಸಾಧ್ಯವಿದ್ದರೆ ಬಿದ್ದು ತೋರಿಸಲಿ ಎಂದ.

ಹೇರ್ಳೆಯವರು ಕೆಳಗಿಳಿದು ಹೋಗಿ, ಕಿಟಕಿಯಿಂದ ಬಿಸಿ ಆರದ ತೆಳಿಯನ್ನು ಮರಿಗೆಯಿಂದ ಒಂದು ಗೇಣು ಆಚೆ, ಹಳೆಯ ಗೀರು ಅಳಿಯದ ಹಾಗೆ ಅದರ ಪಕ್ಕದಲ್ಲೇ ಹೊಯ್ದರು. ಮೇಲೆ ಬಂದು ಉಮಾನಾಥ ಬಂದ ದಿಕ್ಕಿನಿಂದಲೇ, ಬಸಳೆ ಕಳೆದುಕೊಂಡವನ ಹಾಗೆ ದಾಪುಗಾಲು ಹಾಕಿದರು. ಬಲ ಹಿಮ್ಮಡಿ ತೆಳಿಗೆ ತಾಗಿತು. ಮುಂದಿನದು ಒಂದು ಉಸಿರಿನ ಕೆಲಸ. ಕಾಲು ಹೋಯಿತು, ಆಕಾಶ ಬಂತು, ಮೈಗೆ ತೂಕವೇ ಇಲ್ಲವಾಯಿತು. ಒಂಬತ್ತು ವರ್ಷ ಅವರು ಕೆಳಗಿನಿಂದ ನೋಡಿದ್ದರ ಮೇಲಿನ ಅರ್ಧ ಇದು ಎಂದು ಹೇರ್ಳೆಯವರಿಗೆ ಗಾಳಿಯಲ್ಲೇ ಹೊಳೆಯಿತು, ಹೊಳೆದು ಸಂತೋಷವೂ ಆಯಿತು.

ಆಗ ಒಂದು ಸಂಗತಿ ನಡೆಯಿತು. ಮೋರಿಯೂ ಅವನ ಜೊತೆಯವರೂ ದಿನಾ ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿ, ತೋಳು ಚಾಚಿ, ಅಂಗೈಯಿಂದ ಚಾಪೆಗೆ ಪಟ್ಟೆಂದು ಹೊಡೆಯುತ್ತಿದ್ದರು. ಬಿದ್ದವರು ಪೂರಾ ಕಿಟಕಿಯ ಮಟ್ಟಕ್ಕೆ ಬರುತ್ತಿದ್ದರಿಂದ ಹೇರ್ಳೆಯವರು ತಲೆಯಿಂದ ಕಾಲಿನವರೆಗೆ ನೋಡಿದ್ದು ಬೀಳುವುದೊಂದನ್ನೇ, ಸಾವಿರ ಸಲ. ಈಗ ಅವರು ಹೇಳದೆಯೇ ಅವರ ಗಲ್ಲ ಎದೆಗೆ ಒತ್ತಿತು, ಅಂಗೈ ನೆಲಕ್ಕೆ ಪಟ್ಟೆಂದು ಹೊಡೆಯಿತು. ಬೆನ್ನು ನೆಲ ಮುಟ್ಟಿತು. ತಲೆ ಮುಟ್ಟಲಿಲ್ಲ, ಕೈ ಉಳುಕಲಿಲ್ಲ. ಐವತ್ತರ ಸಣಕಲು ಮೈ ಹಾಗೇ ಮಲಗಿ, ಗೀರು ನೇರವಾಗಿ ಬಿದ್ದಿದೆಯೋ ನೋಡಿ ಎಂದು ಪಟೇಲರಿಗೆ ಹೇಳಿತು.

ಪಟೇಲರು ಬಗ್ಗಿ ನೋಡಿದರು. ಹಳೆಯ ಗೀರಿನ ಪಕ್ಕದಲ್ಲೇ ಹೊಸದು, ಅಷ್ಟೇ ಉದ್ದ, ಅಷ್ಟೇ ನೇರ. ಉಮಾನಾಥ ಎರಡು ಗೀರುಗಳನ್ನೂ ನೋಡಿದ, ಏನೂ ಆಗದೆ ಮಲಗಿದ್ದ ಹೇರ್ಳೆಯವರನ್ನೂ ನೋಡಿದ, ತನ್ನ ಸೊಪ್ಪು ಕಟ್ಟಿದ ಕೈಯನ್ನೂ ನೋಡಿದ, ದೂರನ್ನು ವಾಪಸು ಕೇಳಿದ. ಪಟೇಲರು ಅದನ್ನು ಅವನಿಗೂ ಕೊಡದೆ, ಅಡುಗೆಕೋಣೆಯ ಒಲೆಗೆ ಹಾಕಿಸಿದರು. ಬಸಳೆ ಬಳ್ಳಿಯನ್ನು ದುಗ್ಗಪ್ಪನೇ ನೆಟ್ಟುಕೊಡಬೇಕೆಂದು ತೀರ್ಮಾನವಾಯಿತು.

ಹೇರ್ಳೆಯವರು ಇನ್ನೂ ಮಲಗಿಯೇ ಇದ್ದರು. ಬೀಳುವುದು ಬಂದಿತ್ತು, ಏಳುವುದು ಆಗುತ್ತಿರಲಿಲ್ಲ. ಮಡಿಯಲ್ಲಿದ್ದವರನ್ನು ಮುಟ್ಟುವುದು ಹೇಗೆಂದು ಸುತ್ತ ನಿಂತವರೆಲ್ಲ ಆರಡಿ ದೂರವನ್ನು ಬಿಡದೆ ನಿಂತಿದ್ದರು. ದುಗ್ಗಪ್ಪ ಹೆಡಿಗೆ ಇಳಿಸಿ ಓಡಿ ಬಂದವನು ಕೈ ಚಾಚಿ, ನೆನಪಾಗಿ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಹಿಡಿ ಮಾರಾಯ," ಎಂದರು ಹೇರ್ಳೆಯವರು. "ಮತ್ತೊಂದ್ ಸಲ ಮಿಂದರಾಯ್ತ್."

ದುಗ್ಗಪ್ಪ ಹಿಡಿದು ಎಬ್ಬಿಸಿದ. ವರ್ಷವಿಡೀ ಪಾಠ ಹೇಳಿಸಿಕೊಂಡವನು ಗುರುವನ್ನು ಮುಟ್ಟಿದ್ದು ಅದೇ ಮೊದಲು. ಅವನ ಕಣ್ಣು ಒದ್ದೆಯಾಗಿತ್ತು, ಹೇರ್ಳೆಯವರದೂ ಆಗಿತ್ತು, ಅವರದನ್ನು ಹೊಗೆಯ ಲೆಕ್ಕಕ್ಕೆ ಹಾಕಬಹುದಾಗಿತ್ತು. ಆ ದಿನ ದೇವರ ನೈವೇದ್ಯ ಮುಕ್ಕಾಲು ಗಂಟೆ ತಡವಾಯಿತು.

ಆಮೇಲೆ ಊರಲ್ಲಿ ಯಾರು ಬಿದ್ದರೂ ಹೇರ್ಳೆಯವರನ್ನು ಕರೆಯುವವರಿಲ್ಲವಾದರು. ಬಿದ್ದವರಿಗೆ ಎಣ್ಣೆ ಬೇಗ ಸಿಗತೊಡಗಿತು. ದಾರಿಯಲ್ಲಿ ಎದ್ದು ನಿಲ್ಲುವವರೂ ಕಡಿಮೆಯಾದರು. ಹೇರ್ಳೆಯವರು ಬೇಸರವನ್ನು ಯಾರಿಗೂ ಹೇಳಲಿಲ್ಲ, ಪದ್ಮಾಕ್ಷಮ್ಮನಿಗೆ ಹೇಳುವ ಅಗತ್ಯವಿರಲಿಲ್ಲ. ಹೀಗೆ ಒಂದು ತಿಂಗಳು ಕಳೆಯಿತು.

ಜನವರಿಯ ಒಂದು ಬೆಳಿಗ್ಗೆ ಗಿಡ್ಡ ಕಿಟಕಿಯಲ್ಲಿ ಎರಡು ಕಾಲು ಬಂದು ನಿಂತವು. ಮುಖ ಕಾಣದಿದ್ದರೂ ಹೇರ್ಳೆಯವರಿಗೆ ಗುರುತು ಸಿಕ್ಕಿತು, ಉಮಾನಾಥ. ಕಾಲುಗಳು ಸ್ವಲ್ಪ ಹೊತ್ತು ಅತ್ತಿತ್ತ ಮಾಡಿ, ಕೊನೆಗೆ ಮಡಚಿ ಕುಕ್ಕರುಗಾಲಲ್ಲಿ ಕೂತವು. ಮುಖ ಕೆಳಗೆ ಬಂತು.

"ಹೇರ್ಳ್ರೆ, ಕೆಡಗುದ್ ಬ್ಯಾಡ. ಆವತ್ತ್ ಬಿದ್ರಿ ಅಲ್ದಾ, ಪೆಟ್ಟಾಗ್ದೆ. ಅದನ್ನ್ ಒಂದ್ ಕಲ್ಸಿ ಕೊಡ್ತ್ರ್ಯಾ?"

ಹೇರ್ಳೆಯವರು ಸೌಟನ್ನು ನೋಡಿದರು, ಕಿಟಕಿಯನ್ನು ನೋಡಿದರು. ಅದು ದೂರದಿಂದ ತೋರಿಸಿ ಕಲಿಸುವಂಥದ್ದಲ್ಲ, ಬೆನ್ನಿಗೆ ಕೈ ಕೊಟ್ಟು ಹಿಡಿದು ಬೀಳಿಸಬೇಕು, ದುಗ್ಗಪ್ಪನನ್ನೂ ಕರೆದುಕೊಂಡು ಪೂಜೆ ಮುಗಿದ ಮೇಲೆ ಬಾ ಎಂದರು. ಮಧ್ಯಾಹ್ನ ಅವರಿಬ್ಬರೂ ಬರುವಷ್ಟರಲ್ಲಿ ಹೇರ್ಳೆಯವರು ಒದ್ದೆ ಪಂಚೆ ಬಿಚ್ಚಿ ಒಣ ಪಂಚೆ ಉಟ್ಟು, ಅಂಗಳದಲ್ಲಿ ಬೈಹುಲ್ಲು ಹಾಸಿ ಕಾಯುತ್ತಿದ್ದರು.